ಓಣಿ ಸೀಳಿದ ಗೆರೆ

ಭರತೇಶ ಆ ಶನಿವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಮೊಸರು ತಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಬಾಯಿ ತೆರೆದ. ಅದೂ ಒಂದೇ ಒಂದು ಮಾತಿಗೆ.

ಟಾಲಿಗಂಜಿನ ನಿತಾಯಿ ಮಿಸ್ತ್ರಿ ಲೇನಿನಲ್ಲಿ ಅವನು ಹದಿನೇಳು ವರ್ಷದಿಂದ ಬಾಡಿಗೆಗೆ ಇದ್ದ. ಧಾರವಾಡದ ಕಡೆಯವನು, ರೈಲ್ವೆಯಲ್ಲಿ ಡ್ರಾಫ್ಟ್ಸ್‌ಮನ್. ಸೇತುವೆ, ಮೋರಿ, ಪ್ಲಾಟ್‌ಫಾರ್ಮುಗಳ ನಕ್ಷೆ ಬರೆಯುವುದು ಕೆಲಸ. ಓಣಿಯಲ್ಲಿ ಯಾರ ತಂಟೆಗೂ ಹೋದವನಲ್ಲ. ಎದುರಿಗೆ ಯಾರಾದರೂ ಬಂದರೆ ‘ನೊಮೊಶ್ಕಾರ್’ ಎಂದು ತಲೆ ತಗ್ಗಿಸಿ, ಇಲಿ ಬಿಲ ಸೇರುವ ಹಾಗೆ ಮನೆ ಸೇರುತ್ತಿದ್ದ.

ಸಾಲ್ಟ್ ಲೇಕಿನ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ. ಪಾಲಿಕೆ ಚುನಾವಣೆಗೆ ಮುಂಚೆ ವಾರ್ಡುಗಳ ಗಡಿಯನ್ನು ಹೊಸದಾಗಿ ಹಾಕುತ್ತಾರೆ, ಈ ಸಲ ನಕ್ಷೆ ಬರೆದದ್ದು ಕಂಪ್ಯೂಟರು ಎಂದು ಸುದ್ದಿ ಹಬ್ಬಿತ್ತು. ಓಣಿಯ ಕ್ಲಬ್ಬಿನವರು ಎಲ್ಲಿಂದಲೋ ಅದರ ಝೆರಾಕ್ಸ್ ತಂದು ಗೋಡೆಗೆ ಅಂಟಿಸಿದ್ದರು. ಅದರ ಮುಂದೆ ಇಪ್ಪತ್ತು ಮಂದಿ ಮಂಕಿ ಟೋಪಿ ಹಾಕಿಕೊಂಡು, ಮಂಗಳಾರತಿಗೆ ನಿಂತವರಂತೆ ನಿಂತಿದ್ದರು. ಒಬ್ಬರಿಗೂ ತಲೆಬುಡ ಗೊತ್ತಾಗಿರಲಿಲ್ಲ.

ಮೊಸರಿನ ಮಣ್ಣಿನ ಗಡಿಗೆ ಹಿಡಿದು ವಾಪಸು ಬರುತ್ತಿದ್ದ ಭರತೇಶ, ನಕ್ಷೆ ಕಂಡೊಡನೆ ಕಾಲು ನಿಲ್ಲಿಸಿದ. ಹಳೆಯ ಚಾಳಿ. ಹೆಗಲುಗಳ ನಡುವೆ ಕತ್ತು ತೂರಿಸಿ, ಕಣ್ಣಲ್ಲೇ ರೈಲು ಹಳಿ ಹಿಡಿದು, ಅಲ್ಲಿಂದ ಶಾಲೆಗೆ ಬಂದು, ಒಂದು ನಿಮಿಷದೊಳಗೆ ತಮ್ಮ ಓಣಿಯನ್ನು ಪತ್ತೆ ಮಾಡಿಬಿಟ್ಟ. ಓಣಿಯ ಬಾಯಿಂದ ಬಾಲದವರೆಗೆ ನಟ್ಟನಡುವೆ ಒಂದು ಕರಿ ಗೆರೆ.

“ಅರೆ!” ಎಂದ ತನ್ನ ಹಿಂದಿಯಲ್ಲಿ. “ಓಣಿಯನ್ನೇ ಎರಡು ಭಾಗ ಮಾಡಿಬಿಟ್ಟಿದ್ದಾರಲ್ಲ!”

ಇಪ್ಪತ್ತು ಮಂಕಿ ಟೋಪಿಗಳು ಒಟ್ಟಿಗೆ ತಿರುಗಿದವು.

“ಕೀ ಶೊರ್ಬೊನಾಶ್! ಸರ್ವನಾಶವಾಯಿತಲ್ಲ!” ಎಂದು ಕೂಗಿದವನು ಬಾದಲ್‌ದಾ. ಕ್ಲಬ್ಬಿನ ಸೆಕ್ರೆಟರಿ, ಐವತ್ತು ದಾಟಿದ ಬ್ರಹ್ಮಚಾರಿ, ಈ ಸಲ ಚುನಾವಣೆಗೆ ತಾನೇ ನಿಲ್ಲುವುದೆಂದು ಕೈಮುಗಿದ ಫೋಟೋ ಕೂಡ ತೆಗೆಸಿಟ್ಟುಕೊಂಡಿದ್ದ. “ಭೊರತೇಶ್‌ಬಾಬು, ನಿಮಗೆ ಮ್ಯಾಪ್ ಓದಲು ಬರುತ್ತದೆಯೇ?”

“ಅದೇ ನನ್ನ ಕೆಲಸ,” ಎಂದ ಭರತೇಶ. ಹದಿನೇಳು ವರ್ಷದಲ್ಲಿ ಮೊದಲ ಸಲ ಓಣಿಯ ಜನ ತನ್ನನ್ನು ಕಣ್ಣರಳಿಸಿ ನೋಡುತ್ತಿದ್ದಾರೆ. ಎದೆ ತುಸು ಉಬ್ಬಿತು. ಆ ಉಬ್ಬಿನಲ್ಲೇ ಬೆರಳಿಟ್ಟು ವಿವರಿಸಿದ: ಎಡಗಡೆಯ ಮನೆಗಳು ಈ ವಾರ್ಡಿಗೆ, ಬಲಗಡೆಯವು ರೈಲ್ವೆ ಗೇಟಿನ ಆಚೆಯ ವಾರ್ಡಿಗೆ. ನೀರಿನ ಪಂಪು ಎಡಕ್ಕೆ. ವೋಟು ಹಾಕುವ ಪ್ರೈಮರಿ ಶಾಲೆ ಎಡಕ್ಕೆ. ಬಲಗಡೆಯವರಿಗೆ ಅದೂ ಇಲ್ಲ, ಇದೂ ಇಲ್ಲ.

ಐದು ನಿಮಿಷದಲ್ಲಿ ಓಣಿಯೆಲ್ಲ ಬೀದಿಯಲ್ಲಿತ್ತು. ಬಲಗಡೆಯ ಮನೆಯಿಂದ ನಿಭಾನನಿ ಠಾಕುಮಾ ಗೋಡೆ ಹಿಡಿದುಕೊಂಡು ಇಳಿದು ಬಂದರು. ಎಂಬತ್ತಾರು ವರ್ಷ, ಓಣಿಗೆಲ್ಲ ಅಜ್ಜಿ. ಭರತೇಶನ ಎದುರು ನಿಂತು, ಅವನ ಮಣಿಕಟ್ಟು ಹಿಡಿದುಕೊಂಡರು.

“ಈ ದೇಶದ ಮೊದಲನೇ ವೋಟಿನಿಂದ ಹಾಕುತ್ತಿದ್ದೇನಪ್ಪ. ಗಂಡ ಹೋದ ವರ್ಷವೂ ತಪ್ಪಿಸಲಿಲ್ಲ. ಈ ಕಾಲಿನಲ್ಲಿ ರೈಲ್ವೆ ಗೇಟು ದಾಟಿ ಹೋಗಲಾ? ನೀನೇ ಹೋಗಿ ಆ ಗೆರೆ ಹಾಕಿದ ಸಾಹೇಬರಿಗೆ ಹೇಳು.”

ಒಣಗಿದ ಬೀಳಲಿನಂಥ ಆ ಬೆರಳುಗಳ ಹಿಡಿತ ನೋಡಿ ಭರತೇಶನಿಗೆ ಮೈ ಜುಂ ಎಂದಿತು. ವೋಟಿನ ದಿನವೆಂದರೆ ರಜೆ, ರಜೆ ಎಂದರೆ ಮಧ್ಯಾಹ್ನದ ನಿದ್ದೆ ಎಂದುಕೊಂಡಿದ್ದವನು ಅವನು. ಇಷ್ಟು ವಯಸ್ಸಾದ ಜೀವಕ್ಕೆ ಒಂದು ಗೆರೆ ಇಷ್ಟು ದೊಡ್ಡದೇ?

“ಆಕ್ಷೇಪಣೆಗೆ ಇವತ್ತೇ ಕಡೆಯ ದಿನ. ಎರಡು ಗಂಟೆವರೆಗೆ ಮಾತ್ರ,” ಎಂದ ಬಾದಲ್‌ದಾ. “ಅಧಿಕಾರಿ ಮಾದ್ರಾಜಿಯಂತೆ. ನೀವೂ ಮಾದ್ರಾಜಿ. ಕೆಲಸ ಆದಂತೆಯೇ!”

“ನಾನು ಕರ್ನಾಟಕದವನು.”

“ಆಯಿತು, ಮಾದ್ರಾಜಿನಲ್ಲಿ ಯಾವ ಊರಾದರೇನು!”

ಮನೆಗೆ ಹೋಗಿ ಬರುತ್ತೇನೆಂದರೂ ಯಾರೂ ಬಿಡಲಿಲ್ಲ. ಠಾಕುಮಾರನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿ, ಭರತೇಶನನ್ನೂ ಅವರ ಪಕ್ಕಕ್ಕೆ ಹತ್ತಿಸಿ, ಅರವತ್ತು ಜನ ಹಿಂದೆ ಹೊರಟರು. ಪೂಜೆಯಿಂದ ಉಳಿದಿದ್ದ ಡೋಲನ್ನೂ ಯಾರೋ ಹೆಗಲಿಗೆ ಹಾಕಿಕೊಂಡರು. ಭರತೇಶನ ಮಡಿಲಲ್ಲಿ ಮೊಸರಿನ ಗಡಿಗೆ. ದಾರಿಯಲ್ಲಿ ನಿಂತವರಿಗೆ ಅಜ್ಜಿ, ಡೋಲು, ಗಡಿಗೆ ಎಲ್ಲ ಸೇರಿ ಯಾವುದೋ ದೇವರ ಉತ್ಸವದಂತೆ ಕಂಡಿರಬೇಕು. ಹೂವಾಡಗಿತ್ತಿಯೊಬ್ಬಳು ಓಡಿಬಂದು ಗಡಿಗೆಯ ಮೇಲೆ ಕೆಂಪು ದಾಸವಾಳ ಇಟ್ಟು ಕೈಮುಗಿದಳು. ಟ್ರಾಮ್ ನಿಂತು ದಾರಿ ಕೊಟ್ಟಿತು. ಟ್ರಾಫಿಕ್ ಸಾರ್ಜೆಂಟ್ ಎದೆ ಸೆಟೆಸಿ ಸೆಲ್ಯೂಟ್ ಹೊಡೆದ. ಭರತೇಶ ಕಕ್ಕಾಬಿಕ್ಕಿಯಾಗಿ ಎರಡೂ ಕೈಯಲ್ಲಿ ಗಡಿಗೆ ಹಿಡಿದು ಕೂತ.

ಕಚೇರಿಯಲ್ಲಿ ಒಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ಒಬ್ಬ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಒಳಗೆ ಹೆಜ್ಜೆಯಿಟ್ಟ ಭರತೇಶ ಬಾಯಿ ಬಿಟ್ಟು ನಿಂತ. ಗೋಡೆ ತುಂಬ, ನೆಲದಿಂದ ಮಾಡಿನ ತನಕ, ಇಡೀ ನಗರದ ಬಣ್ಣದ ನಕ್ಷೆ! ಗಂಗೆ ಪಕ್ಕದಲ್ಲಿ ಹಸಿರು ಸೀರೆಯ ಸೆರಗಿನಂತೆ ಹರಿದಿದ್ದಳು. ಕೂದಲಿಗಿಂತ ತೆಳುವಾದ ಸಾವಿರಾರು ಬೀದಿಗಳು. ಅಲ್ಲೆಲ್ಲೋ ಕೆಳಗೆ, ಸಾಸಿವೆಯಷ್ಟು ಜಾಗದಲ್ಲಿ, ಅವರ ಓಣಿ. ಆ ಸಾಸಿವೆಯೊಳಗಿಂದ ಅರವತ್ತು ಜನ ಡೋಲು ಬಾರಿಸಿಕೊಂಡು ಬಂದಿದ್ದಾರೆ! ಹಾಗಾದರೆ ಈ ಗೋಡೆಯ ಮೇಲೆ ಇನ್ನೆಷ್ಟು ಠಾಕುಮಾಗಳಿರಬೇಕು ಎಂದು ಅವನು ಲೆಕ್ಕ ಹಾಕಲು ಹೋಗಿ ಸೋತ.

“ಯೆಸ್?” ಎಂದರು ಮೇಜಿನ ಹಿಂದಿದ್ದ ಅಧಿಕಾರಿ. ಹೆಸರಿನ ಹಲಗೆಯ ಮೇಲೆ ಶಂಕರಲಿಂಗ ಎಂದಿತ್ತು.

ಭರತೇಶನಿಗೆ ಗಾಬರಿಯಲ್ಲಿ ಇಂಗ್ಲಿಷು, ಹಿಂದಿ, ಬಂಗಾಳಿ ಮೂರೂ ಒಮ್ಮೆಗೇ ಕೈಕೊಟ್ಟವು. “ಸಾಹೇಬ್ರ, ನಮ್ಮ ಓಣಿ...” ಎಂದುಬಿಟ್ಟ.

ಅಧಿಕಾರಿ ಕುರ್ಚಿಯಿಂದ ಎದ್ದೇ ಬಿಟ್ಟರು. “ಅಯ್ ಇವರ! ಯಾವೂರ್ರೀ ನಿಮ್ಮದು?”

“ಧಾರವಾಡ್ರೀ.”

“ನಂದು ಬಿಜಾಪುರ! ಕುಂದರ್ರಿ, ಕುಂದರ್ರಿ. ನಾಕ್ ತಿಂಗಳಾತು ಕನ್ನಡ ಮಾತಾಡಿ. ಕೈಯಾಗ ಏನ್ರೀ ಅದು, ಮಸರ? ಅದರ ಮ್ಯಾಲ ಹೂವ್ಯಾಕ?”

ಹೊರಗೆ, ಬಾಗಿಲಿನ ಗಾಜಿಗೆ ಅರವತ್ತು ಮೂಗುಗಳು ಒತ್ತಿಕೊಂಡಿದ್ದವು. ಸಾಹೇಬರು ಎದ್ದು ನಿಂತದ್ದನ್ನು ಕಂಡು ಬಾದಲ್‌ದಾ ಪಿಸುಗುಟ್ಟಿದ, “ನೋಡಿದಿರಾ? ಎದ್ದು ನಿಂತರು!”

ಭರತೇಶ ಧೈರ್ಯ ತಂದುಕೊಂಡು, ಕ್ಲಬ್ಬಿನ ಗೋಡೆಯಿಂದ ಕಿತ್ತು ತಂದಿದ್ದ ಝೆರಾಕ್ಸ್ ಹಾಳೆ ಹರಡಿದ. ಓಣಿ, ಪಂಪು, ಶಾಲೆ, ಅಜ್ಜಿಯ ಕಾಲು, ಒಂದನ್ನೂ ಬಿಡದೆ ಹೇಳಿದ. ಶಂಕರಲಿಂಗ ಹಾಳೆಯನ್ನು ನೋಡಿದರು. ಗೋಡೆಯನ್ನು ನೋಡಿದರು. ಆಮೇಲೆ ಭರತೇಶನನ್ನೇ ಬಹಳ ಹೊತ್ತು ನೋಡಿದರು.

“ನೀವು ಏನ್ ಕೆಲಸ ಮಾಡ್ತೀನಿ ಅಂದ್ರಿ?”

“ಡ್ರಾಫ್ಟ್ಸ್‌ಮನ್‌ರೀ.”

“ಇದು ವಾರ್ಡಿನ ಗೆರಿ ಅಲ್ರೀ ಮಾರಾಯರ. ಚರಂಡಿ! ಮುಂದ ಎಂದರ ಮಾಡೂಣು ಅಂತ ಬರದಿಟ್ಟ ಚರಂಡಿ. ಅಲ್ಲಿ ನೋಡ್ರಿ, ವಾರ್ಡಿಂದು ಕೆಂಪು, ಚರಂಡೀದು ನೀಲಿ. ನಿಮ್ಮ ಝೆರಾಕ್ಸಿನ್ಯಾಗ ಎಲ್ಲಾ ಕರೀ ಆಗ್ಯದ. ನಿಮ್ಮ ಓಣಿಗೆ ಯಾರೂ ಕೈ ಹಚ್ಚಿಲ್ಲ!”

ಭರತೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಪ್ಪತ್ತೆಂಟು ವರ್ಷ ಮೋರಿಗಳನ್ನೇ ಬರೆದವನಿಗೆ ಮೋರಿಯ ಗುರುತು ಸಿಗಲಿಲ್ಲ. ಅವನ ಮುಖ ನೋಡಿ ಶಂಕರಲಿಂಗ ತಡೆಯಲಾರದೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸಿಕೊಂಡರು.

“ಅಯ್ಯೋ, ಸಾಹೇಬರು ಅಳುತ್ತಿದ್ದಾರೆ,” ಎಂದರು ಗಾಜಿನಾಚೆ ಠಾಕುಮಾ. “ಆ ಹುಡುಗನ ಮಾತಿಗೆ ಕಲ್ಲೂ ಕರಗುತ್ತದೆ.”

ಶಂಕರಲಿಂಗ ಪಾಪ ಒಳ್ಳೆಯ ಮನುಷ್ಯ. ಇವನ ಮರ್ಯಾದೆ ಉಳಿಯಲೆಂದು, ‘ಲೇನ್ ಪೂರ್ತಿಯಾಗಿ ಒಂದೇ ವಾರ್ಡಿನಲ್ಲಿದೆ’ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿಸಿ, ವಾರ್ಡಿನ ವಿವರಗಳ ಅಚ್ಚಾದ ಹಾಳೆಯನ್ನು ಜೊತೆಗೆ ಸೇರಿಸಿ ಕೊಟ್ಟರು.

ಬಾಗಿಲು ತೆರೆದದ್ದೇ ತಡ, ಬಾದಲ್‌ದಾ ಕಾಗದ ಕಿತ್ತುಕೊಂಡು ಮೇಲಿನ ಸಾಲು ಓದಿದ. “ಪೂರ್ತಿಯಾಗಿ ಒಂದೇ ವಾರ್ಡು!” ಆ ಕೂಗಿಗೆ ಜಂತಿಯ ಪಾರಿವಾಳಗಳೆಲ್ಲ ಹಾರಿದವು. ಭರತೇಶನನ್ನು ಹೆಗಲ ಮೇಲೆ ಎತ್ತಿದರು. ಅವನು ಪ್ರಾಮಾಣಿಕ. ಹೆಗಲ ಮೇಲಿಂದಲೇ ತನಗೆ ಬರುವ ಬಂಗಾಳಿಯಲ್ಲಿ ಕೂಗಿದ, “ಭುಲ್! ಭುಲ್! ತಪ್ಪು ಆಗಿದೆ!”

“ಆಗಿತ್ತು, ಭೊರತೇಶ್‌ಬಾಬು! ಕಂಪ್ಯೂಟರಿನ ತಪ್ಪನ್ನು ನೀವು ತಿದ್ದಿದಿರಿ!” ಎಂದರು ಕೆಳಗಿನಿಂದ. “ಕಂಪ್ಯೂಟರನ್ನೇ ಸೋಲಿಸಿದರು!”

ಗಡಿಗೆ ವಾಲಿ ಅರ್ಧ ಮೊಸರು ಬಾದಲ್‌ದಾನ ತಲೆಯ ಮೇಲೆ ಬಿತ್ತು. ಅವನು ಅದನ್ನೂ ಅಭಿಷೇಕವೆಂದು ಸ್ವೀಕರಿಸಿದ.

ಓಣಿಗೆ ಮರಳುವಾಗ ಶಂಖ ಊದಿದರು. ಕ್ಲಬ್ಬಿನ ಮುಂದೆ ಬೆಂಚು ಹಾಕಿ, ಬಾದಲ್‌ದಾ ಅದರ ಮೇಲೆ ಹತ್ತಿ ಹಾಳೆಯನ್ನು ಪೂರ್ತಿ ಓದತೊಡಗಿದ. ಕಡೆಯ ಸಾಲಿಗೆ ಬಂದು ನಿಂತುಹೋದ. ಮತ್ತೆ ಓದಿದ. ಮೊಸರು ಹತ್ತಿದ ಮೀಸೆ ಕೆಳಗಿಳಿಯಿತು.

“ಈ ವಾರ್ಡು... ಈ ಸಲ ಮಹಿಳೆಯರಿಗೆ ಮೀಸಲು.”

ಕೈಮುಗಿದ ಫೋಟೋ ವ್ಯರ್ಥವಾಯಿತಲ್ಲ ಎಂದು ಬಾದಲ್‌ದಾನ ಕಡೆ ಎಲ್ಲರೂ ನೋಡುತ್ತಿರುವಾಗ, ಠಾಕುಮಾ ರಿಕ್ಷಾದಿಂದಲೇ ಹೇಳಿದರು, “ಅಳುವುದೇನಿದೆ? ನಮ್ಮ ಬೊಶುಂಧರಾ ಇದ್ದಾಳಲ್ಲ.”

ಭರತೇಶನಿಗೆ ಆ ಹೆಸರು ತನ್ನ ಹೆಂಡತಿಯದೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. “ವಸುಂಧರಾ? ಆಕೆಗೆ ಇದೆಲ್ಲ ಏನು ಗೊತ್ತು?”

ಅರವತ್ತು ಜನ ಅವನನ್ನು ಕರುಣೆಯಿಂದ ನೋಡಿದರು. ಪಂಪು ಕೆಟ್ಟಾಗ ನಾಲ್ಕು ದಿನ ಇಂಜಿನಿಯರನ ಮುಂದೆ ಕೂತು ರಿಪೇರಿ ಮಾಡಿಸಿದವಳು ಬೌದಿ, ನಮ್ಮ ಅತ್ತಿಗೆ, ಎಂದನೊಬ್ಬ. ನನ್ನ ಮಗಳನ್ನು ಶಾಲೆಗೆ ಸೇರಿಸಿದ್ದು ಬೌದಿ ಎಂದಳೊಬ್ಬಳು. ಕಂಬದ ದೀಪ, ಮುದುಕರ ಪಿಂಚಣಿ, ಎಲ್ಲ ಬೌದಿಯೇ. ಭರತೇಶ ದಂಗಾದ. ಅವಳು ತರಕಾರಿಗೆ ಹೋಗಿ ತಡವಾಗಿ ಬರುತ್ತಾಳೆಂದೇ ಹದಿನೇಳು ವರ್ಷ ನಂಬಿದ್ದ!

ಒಂದೇ ಉಸಿರಿಗೆ ಮನೆಗೆ ಓಡಿ ಬಾಗಿಲು ಹಾಕಿಕೊಂಡ. ವಸುಂಧರಾ ರೊಟ್ಟಿ ತಟ್ಟುತ್ತಿದ್ದಳು. ಹೊರಗಿನ ಕೂಗೆಲ್ಲ ಕಿಟಕಿಯಿಂದ ಅವಳಿಗೂ ಕೇಳಿತ್ತು.

“ನನಗ ಬ್ಯಾಡ್ರೀ ಅದೆಲ್ಲಾ,” ಎಂದಳು ತಾನಾಗಿಯೇ. “ಇದ್ದಲ್ಲೇ ಛೊಲೋ ಅದೀನಿ. ಹೋಗಿ ಹೇಳಿಬರ್ರಿ, ಆಕಿ ಒಲ್ಲೆ ಅಂದ್ಲು ಅಂತ.”

ಭರತೇಶನಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೇ ಸುಮ್ಮನಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕಚೇರಿಯಿಂದ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಗುಟ್ಟು ತಡೆಯಲಾಗಲಿಲ್ಲ. ಅವಳ ನಿರ್ಧಾರ ಗಟ್ಟಿಯಾಗಲಿ ಎಂಬ ಆಸೆಯೂ ಇತ್ತು.

“ಛೊಲೋ ಮಾಡಿದಿ. ಖರೇ ಹೇಳಬೇಕಂದ್ರ ಈ ಗದ್ದಲಕ್ಕ ಅರ್ಥನ ಇಲ್ಲ. ನಮ್ಮ ಓಣಿ ಒಡದೇ ಇರಲಿಲ್ಲ. ನಾನು ನೋಡಿದ್ದು ವಾರ್ಡಿನ ಗೆರಿ ಅಲ್ಲ, ಚರಂಡಿ ಗೆರಿ.”

ರೊಟ್ಟಿಯ ಮೇಲಿನ ಕೈ ನಿಂತಿತು.

“ಚರಂಡಿ? ನಮ್ಮ ಓಣ್ಯಾಗ ಎಲ್ಲಿ ಐತ್ರೀ ಚರಂಡಿ?”

“ಇನ್ನ ಮಾಡಿಲ್ಲ. ಸಾಹೇಬ್ರ ಗ್ವಾಡಿ ಮ್ಯಾಲಿನ ನಕ್ಷೆದಾಗ, ಕಾಗದದಾಗ ಅಷ್ಟ ಐತಿ.”

“ಅಂದ್ರ ಕಾಗದದಾಗ ಐತಿ! ಪ್ರತಿ ಮಳಿಗಾಲ ಮೊಣಕಾಲ ಮಟಾ ನೀರಾಗ ಅಡಗಿ ಮಾಡೀನಿ. ಆ ಠಾಕುಮಾನ್ನ ಕುರ್ಚಿ ಸಮೇತ ಎತ್ತಿ ಮಾಳಗಿಗೆ ಒಯ್ದೀವಿ. ಯಾವಾಗ ಕೇಳಿದ್ರೂ ‘ನಿಮ್ಮ ಓಣಿಗೆ ಚರಂಡಿ ಯೋಜನೆನೇ ಇಲ್ಲ’ ಅಂತ ಅಂತಿದ್ರು. ಈಗ ಮೊಹರು ಒತ್ತೋ ಸಾಹೇಬ್ರ ಗ್ವಾಡಿ ಮ್ಯಾಲ ಐತಿ ಅಂದ್ರಿ?”

“ನಾನು ಅಂದದ್ದು ಹಂಗಲ್ಲ...”

ವಸುಂಧರಾ ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲು ತೆರೆದಳು. ಅವಳು ಬೆಂಚು ಹತ್ತಿ, ನೀರು ಹರಿದಂತೆ ಬಂಗಾಳಿಯಲ್ಲಿ ಮಾತನಾಡತೊಡಗಿದಳು. ಆ ವೇಗದಲ್ಲಿ ಭರತೇಶನಿಗೆ ಅರ್ಥವಾದದ್ದು ಎರಡೇ ಮಾತು, ಚರಂಡಿ ಮತ್ತು ನನ್ನ ಗಂಡ. ಅದಕ್ಕೇ ಜನ ಚಪ್ಪಾಳೆ ತಟ್ಟಿದರು. ಠಾಕುಮಾ ರಿಕ್ಷಾದಲ್ಲೇ ಎದ್ದು ನಿಲ್ಲಲು ಹೊರಟರು. ಇಪ್ಪತ್ತಮೂರು ವರ್ಷ ಜೊತೆಗೆ ಬಾಳಿದ ಹೆಂಗಸು ಇವಳೇ ಏನು ಎಂದು ಭರತೇಶ ಹೊಸ್ತಿಲಲ್ಲಿ ನಿಂತು ಕಣ್ಣು ಪಿಳುಕಿಸದೆ ನೋಡಿದ.

ಅವಳು ಇಳಿದು ಬಂದಾಗ ಅವನ ಬಳಿ ಉಳಿದದ್ದು ಒಂದೇ ಅಸ್ತ್ರ. “ನಾ ಸರಕಾರಿ ನೌಕರ. ಪ್ರಚಾರಕ್ಕ, ಮೆರವಣಿಗಿಗೆ ಎಲ್ಲಾ ಬರಾಕ ಬರೂದಿಲ್ಲ. ರೂಲ್ಸ್ ಐತಿ.”

“ಹೌದ್ರೀ, ನೀವು ಹೊರಗ ಹೆಜ್ಜಿ ಇಡೂದ ಬ್ಯಾಡ,” ಎಂದಳು ವಸುಂಧರಾ ತುಂಬ ಮರ್ಯಾದೆಯಿಂದ. “ಒಳಗ ಇದ್ದು ರೊಟ್ಟಿ ನೋಡ್ಕೋರಿ. ಹಂಚಿನ ಮ್ಯಾಲಿಂದು ಸೀಯಾಕತ್ತೈತಿ. ಮತ್ತ ಅರವತ್ತು ಕಪ್ ಚಾಕ್ಕ ನೀರಿಡ್ರಿ. ಅದಕ್ಕೇನೂ ರೂಲ್ಸ್ ಇಲ್ಲ.”