ಅತ್ತೆಯನ್ನು ಮನೆಗೆ ಕಳಿಸಬೇಡಿ ಎಂದು ಸೊಸೆಯ ಅರ್ಜಿ

ಇಂದ,
ರೋಗಾಣುಗಳ ವಂಶವೃಕ್ಷ ಬರೆಯುವ ಸಂಶೋಧಕಿ,
ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.

ಗೆ,
ಅಧ್ಯಕ್ಷರು,
ರೋಗಾಣು ವಿಕಾಸ ಅಧ್ಯಯನ ಸಮಿತಿ.

ಮೂಲಕ:
ಪ್ರಯೋಗಾಲಯದ ಮುಖ್ಯಸ್ಥರು (ಅವರೂ ತಾವೇ).

ವಿಷಯ: ಅರ್ಜಿದಾರಳ ಅತ್ತೆಯವರು ಗುಣಮುಖರಾಗಿದ್ದಾರೆಂದು ನಾಳೆ ಬೆಳಗ್ಗೆ ಮನೆಗೆ ಕಳುಹಿಸುವ ಆದೇಶವನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: 1) ಅತ್ತೆಯವರನ್ನು ಕೂಡಲೇ ಮನೆಗೆ ಕಳುಹಿಸಿ ಎಂದು ಇದೇ ಅರ್ಜಿದಾರಳು ಸಲ್ಲಿಸಿದ್ದ ಅರ್ಜಿ. 2) ಅದರ ಜ್ಞಾಪನೆ. 3) ಜ್ಞಾಪನೆಯ ಜ್ಞಾಪನೆ. 4) ತಮ್ಮ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸೊಸೆಯೊಬ್ಬಳು ಅತ್ತೆಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ ಎನ್ನುವುದರಲ್ಲಿ ಹೊಸದೇನಿದೆ ಎಂದು ತಾವು ನಗಬಹುದು. ನಗಲು ಅಡ್ಡಿಯಿಲ್ಲ, ಮಾಸ್ಕ್ ಹಾಕಿಕೊಂಡು ನಗಬೇಕೆಂಬುದಷ್ಟೇ ಅರ್ಜಿದಾರಳ ಕೋರಿಕೆ. ಕಾರಣಗಳು ಈ ಕೆಳಗಿನಂತಿವೆ.

1. ಊರಿನಲ್ಲಿ ಕೆಮ್ಮಿನ ಕಾಯಿಲೆ ಹಬ್ಬಿದೆ. ರೋಗಿಗಳ ಗಂಟಲಿನ ದ್ರವದಿಂದ ತಟ್ಟೆಯಲ್ಲಿ ರೋಗಾಣು ಬೆಳೆಸಿ, ಅದರ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿ, ಯಾವುದು ಯಾವುದರ ಮಗ, ಯಾವುದು ಮೊಮ್ಮಗ ಎಂದು ವಂಶವೃಕ್ಷ ಬರೆಯುವುದು ಅರ್ಜಿದಾರಳ ಕೆಲಸ. ಬಾಯಿಂದ ಬಾಯಿಗೆ ಹೋಗುವ ಸುದ್ದಿಯ ಹಾಗೆ, ರೋಗಾಣುವೂ ಮನೆಯಿಂದ ಮನೆಗೆ ಹೋಗುವಾಗ ಒಂದೆರಡು ಅಕ್ಷರ ಬದಲಾಯಿಸಿಕೊಳ್ಳುತ್ತದೆ. ಆ ಬದಲಾವಣೆಯ ಜಾಡು ಹಿಡಿದರೆ ಕಾಯಿಲೆ ಯಾರಿಂದ ಯಾರಿಗೆ ಬಂತೆಂದು ತಿಳಿಯುತ್ತದೆ.

2. ಹೀಗಿರುವಲ್ಲಿ, ಕೆಲವು ತಟ್ಟೆಗಳಲ್ಲಿ ಯಾರೂ ಕಂಡರಿಯದ ಹೊಸ ತಳಿಯೊಂದು ಕಾಣಿಸಿತು. ತಾವು ಅದಕ್ಕೆ ತಮ್ಮದೇ ಹೆಸರಿಟ್ಟು ಪತ್ರಿಕೆಯವರನ್ನು ಕರೆಸಿದಿರಿ. ಆದರೆ ಗಾರೆ ಕೆಲಸದವನದು, ಬಸ್ ಡ್ರೈವರನದು, ಶಾಲೆಯ ಟೀಚರದು, ಯಾರದನ್ನು ಓದಿದರೂ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಎಲ್ಲವೂ ಒಂದೇ ಬಾಯಿಂದ ಉದುರಿದ್ದರೆ ಮಾತ್ರ ಹೀಗಾಗಲು ಸಾಧ್ಯವೆಂದು ಅರ್ಜಿದಾರಳು ಅರಿಕೆ ಮಾಡಿಕೊಂಡಾಗ ತಾವು ಹೇಳಿದ್ದು: "ವಿಕಾಸ ಅಂದ್ರೆ ಏನಂತ ತಿಳ್ಕೊಂಡಿದ್ದೀಯಮ್ಮ? ತುತ್ತತುದಿಗೆ ಹೋಗಿ ಕೂತಿದೆ ಇದು. ಇನ್ನು ಬದಲಾಗೋ ದರ್ದೇನಿದೆ ಅದಕ್ಕೆ?"

3. ರೋಗಿಗಳ ಕೊಳವೆಗಳ ಜೊತೆ ಬರೀ ನೀರಿನ ಕೊಳವೆಯೊಂದನ್ನೂ ಇಟ್ಟು ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಅದರಲ್ಲಿ ಏನೂ ಬೆಳೆಯಬಾರದು. ಬೆಳೆದರೆ ಕೊಳಕು ನಮ್ಮ ಕೋಣೆಯದೇ ಎಂದರ್ಥ. ಆ ನೀರು ಹಾಕಿದ ತಟ್ಟೆಯಲ್ಲೂ ಹೊಸ ತಳಿ ಬೆಳೆಯಿತು. "ನೋಡಿದ್ಯಾ, ನೀರನ್ನೂ ಬಿಟ್ಟಿಲ್ಲ! ಎಂಥಾ ವೇಗ!" ಎಂದು ತಾವು ಹಿಗ್ಗಿದಿರಿ. ಸಮಿತಿಯ ವರದಿಯಲ್ಲಿ ಸದರಿ ನೀರನ್ನು 'ವಯಸ್ಸು ತಿಳಿದಿಲ್ಲ, ಕೆಮ್ಮು ಇಲ್ಲ, ಸಂಬಂಧಿಕರು ಪತ್ತೆಯಾಗಿಲ್ಲ' ಎಂದು ರೋಗಿಗಳ ಸಾಲಿಗೆ ಸೇರಿಸಲಾಗಿದೆ.

4. ತಟ್ಟೆಗಳ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ತಾವು ಅತಿಥಿಗಳನ್ನು ಕರೆತಂದು, ದನಿ ಚೆನ್ನಾಗಿ ಕೇಳಲೆಂದು ಮಾಸ್ಕನ್ನು ಗಲ್ಲಕ್ಕಿಳಿಸಿ, ತಟ್ಟೆಗಳ ಮೇಲೆ ಬಾಗಿ ವಿಕಾಸವಾದ ವಿವರಿಸುವುದು ಎಲ್ಲರೂ ಬಲ್ಲ ಸಂಗತಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ತಮ್ಮನ್ನು ನೋಡಿರಲಿಲ್ಲ. ಮಾತು ಬಲ್ಲವರಿಂದಲೇ ಇಲ್ಲಿ, ಕಡತದ ಮಟ್ಟಿಗೆ, ಊರಿಗೆಲ್ಲ ಹೊಸ ರೋಗ ಬಂದಿದೆ. ತಾವು ಭಾಷಣಕ್ಕೆಂದು ಪ್ರವಾಸ ಹೋದಾಗಲೆಲ್ಲ ಹೊಸ ತಳಿಯೂ ಮಾಯವಾಗುತ್ತದೆ. ಇದನ್ನು ಗಮನಕ್ಕೆ ತಂದಾಗ, "ನಾನಿಲ್ಲ ಅಂದ್ರೆ ಇಲ್ಲಿ ಯಾರೂ ನೆಟ್ಟಗೆ ಕೆಲ್ಸ ಮಾಡಲ್ಲ, ಅದಕ್ಕೇ" ಎಂದಿರಿ. ಕೋಣೆಗೆ ಬಂದುಹೋಗುವವರೆಲ್ಲ ಗಂಟಲು ತೋರಿಸಬೇಕೆಂದಾಗ ಕಸ ಗುಡಿಸುವಾಕೆಯೂ ಬಾಯಿ ತೆರೆದಳು. ತಾವು ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ, "ನನ್ನ ಗಂಟಲಿನ ಸುದ್ದಿ ಯಾಕೀಗ?" ಎಂದು ಎದ್ದುಹೋದಿರಿ.

5. ಅರ್ಜಿದಾರಳ ಅತ್ತೆಯವರು ಹಾಸಿಗೆ ಹೊಲಿಯುವವರು. ಹತ್ತಿಯ ಧೂಳಿಗೆ ಕೆಮ್ಮುವುದು ಅವರಿಗೆ ಮೊದಲಿನಿಂದಲೂ ಇದ್ದದ್ದೇ. ಆದರೂ ಊರಿನಲ್ಲಿ ಕಾಯಿಲೆ ಇದೆಯೆಂದು ಸೊಸೆಯೇ ಕರೆತಂದು ಪರೀಕ್ಷೆ ಮಾಡಿಸಿದಳು. ಅವರ ತಟ್ಟೆ ತೆರೆದ ದಿನ ತಮ್ಮ ಅತಿಥಿಗಳು ಬಹಳ ಪ್ರಶ್ನೆ ಕೇಳಿದ್ದರು. ತಾವು ಬಹಳ ಉತ್ತರಿಸಿದ್ದಿರಿ. ಆ ಕಾರಣದಿಂದ ಅತ್ತೆಯವರಿಗೆ ಹೊಸ ತಳಿ ಇದೆಯೆಂದು ತೀರ್ಮಾನವಾಗಿ ಅವರನ್ನು ಸಮಿತಿಯ ಪ್ರತ್ಯೇಕ ವಾರ್ಡಿಗೆ ಹಾಕಲಾಯಿತು. ಪ್ರತ್ಯೇಕವೆಂದರೆ ಮನೆಯವರಿಂದ ಪ್ರತ್ಯೇಕ, ಅಷ್ಟೇ. ಒಂದು ಮೊಳದಾಚೆಯ ಮಂಚದಲ್ಲಿ ನಿಜವಾದ, ಹಳೇ ತಳಿಯ ಕೆಮ್ಮಿನ ಹೆಂಗಸು. 'ಎರಡು ತಳಿಗಳು ಅಕ್ಕಪಕ್ಕದಲ್ಲಿದ್ದರೆ ವಿಕಾಸವನ್ನು ಗಮನಿಸಲು ಅನುಕೂಲ' ಎಂದು ಕಡತದಲ್ಲಿ ತಮ್ಮದೇ ಟಿಪ್ಪಣಿ ಇದೆ.

"ನಂಗೇನಾಗಿದೆ ಅಂತ ಇಲ್ಲಿ ಕೂಡಿಹಾಕಿದ್ದೀರಿ? ಪಕ್ಕದೋಳು ಕೆಮ್ಮೋದು ಕೇಳಿದ್ರೆ ನನ್ನ ಎದೆ ಒಡೆದುಹೋಗುತ್ತೆ," ಎಂದು ಅತ್ತೆಯವರು ಗಾಜಿನಾಚೆಯಿಂದ ಕೂಗುತ್ತಿದ್ದರು. "ಅಷ್ಟೊಂದು ಓದಿದ್ದೀಯ, ಆ ಮಹರಾಯನಿಗೆ ಒಂದು ಮಾತು ಹೇಳಕ್ಕಾಗಲ್ವಾ ನಿನ್ನ ಕೈಲಿ?" ಉಲ್ಲೇಖ ಒಂದರಿಂದ ಮೂರರವರೆಗಿನ ಪತ್ರಗಳಲ್ಲಿ ಹೇಳಿದ್ದು ಆ ಮಾತನ್ನೇ.

6. ಕಳೆದ ವಾರ ತಾವು ಮತ್ತೆ ಪ್ರವಾಸದಲ್ಲಿದ್ದಾಗ ಅತ್ತೆಯವರ ಗಂಟಲನ್ನು ಮರುಪರೀಕ್ಷೆ ಮಾಡಲಾಯಿತು. ಹೊಸ ತಳಿ ಇಲ್ಲ. ಇರುವುದು ಹಳೇ ತಳಿ. ಪಕ್ಕದ ಮಂಚದಾಕೆಯದಕ್ಕೂ ಇದಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ವಂಶವೃಕ್ಷದಲ್ಲಿ ಆ ಕೊನೆಯ ಕೊಂಬೆಯನ್ನು ಅರ್ಜಿದಾರಳು ತನ್ನ ಕೈಯಾರೆ ಬರೆದಿದ್ದಾಳೆ. ತಾವು ನೋಡಬಯಸಿದ್ದ ವಿಕಾಸ ಅದೇ. ಈಗ ಅತ್ತೆಯವರಿಗೆ ಜ್ವರವಿದೆ, ಕೆಮ್ಮು ಶುರುವಾದರೆ ಉಸಿರು ಸಿಗುವುದಿಲ್ಲ.

ಸಮಿತಿಯ ಅಧ್ಯಯನ ಹೊಸ ತಳಿಗೆ ಸೀಮಿತವಾದ್ದರಿಂದ, ಅದು ಇಲ್ಲದ ಕಾರಣ, ಅತ್ತೆಯವರು ಗುಣಮುಖರೆಂದು ತಾವು ಬಂದವರೇ ಸಹಿ ಹಾಕಿದ್ದೀರಿ. ಹಳೇ ತಳಿಗೆ ಔಷಧಿ ಇದೆ, ಕೆಳಗಿನ ಔಷಧಾಲಯದ ಕಪಾಟಿನಲ್ಲೇ ಇದೆ. ಕೇಳಿದರೆ ಔಷಧಾಲಯದವನು, "ಗುಣ ಆದವ್ರಿಗೆ ಔಷಧಿ ಕೊಡೋ ಹಾಗಿಲ್ಲ ಮೇಡಂ, ಆಡಿಟ್‌ನಲ್ಲಿ ನನ್ನ ಕುತ್ತಿಗೆಗೆ ಬರುತ್ತೆ" ಎನ್ನುತ್ತಾನೆ. ಇಲ್ಲದ ರೋಗಕ್ಕೆ ಒಳಗೆ ಹಾಕಿ, ಇರುವ ರೋಗಕ್ಕೆ ಹೊರಗೆ ಹಾಕುವ ಈ ಕ್ರಮ ಯಾವ ನಿಯಮದಡಿ ಬರುತ್ತದೆಂದು ತಿಳಿಸಬೇಕಾಗಿ ವಿನಂತಿ.

7. ಅರ್ಜಿದಾರಳ ಮನೆಯಲ್ಲಿ ಇನ್ನೂ ಹಲ್ಲು ಮೂಡದ ಕೂಸಿದೆ. ಅಜ್ಜಿಯ ಮಡಿಲಲ್ಲಲ್ಲದೆ ಅದು ನಿದ್ದೆ ಮಾಡುವುದಿಲ್ಲ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಈ ಕೆಮ್ಮು ಮೊದಲು ಕೈಹಾಕುವುದು ಅಂಥ ಕೂಸುಗಳ ಮೇಲೆಂದು ತಮ್ಮ ಭಾಷಣಗಳಲ್ಲಿಯೇ ಕೇಳಿದ್ದೇವೆ. ಬಿಡುಗಡೆಯ ಆದೇಶವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಗಾಜಿನಾಚೆ ನಿಂತು ಹೇಳಿದಾಗ, ಇಷ್ಟು ದಿನ ಮನೆ ಮನೆ ಎಂದು ಜಗಳವಾಡಿದ್ದ ಅತ್ತೆಯವರು ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮಗೂನ ನೋಡದೆ ಕಣ್ಣು ಬತ್ತಿಹೋಗಿದೆ ಕಣೆ," ಎಂದರು. "ಆದ್ರೆ ಇದನ್ನ ಹೊತ್ಕೊಂಡು ನಾನು ಆ ಹೊಸ್ತಿಲು ತುಳಿಯಲ್ಲ. ಯಾರು ಬಂದು ಎಳೀತಾರೋ ಎಳೀಲಿ."

ಅರ್ಜಿದಾರಳು ಅಲ್ಲೇ ನಿಂತು ಅತ್ತಳು. ಅದನ್ನು ನಮೂದಿಸಲು ನಮೂನೆಯಲ್ಲಿ ಪ್ರತ್ಯೇಕ ಕಲಂ ಇಲ್ಲವಾದ್ದರಿಂದ ಇಲ್ಲಿಯೇ ನಮೂದಿಸಲಾಗಿದೆ.

ಆದ್ದರಿಂದ, ಸದರಿ ಆದೇಶವನ್ನು ಈ ದಿನವೇ ರದ್ದುಪಡಿಸಿ, ಅತ್ತೆಯವರನ್ನು ರೋಗಿಯೆಂದು ಮಾನ್ಯ ಮಾಡಿ, ಔಷಧಿ ಕೊಡಿಸಿ, ತಮ್ಮ ಗಂಟಲನ್ನು ಒಂದು ಸಲ ತೆರೆದು ತೋರಿಸಬೇಕಾಗಿ ಪ್ರಾರ್ಥನೆ.

ಕೆಲಸದಲ್ಲಿರುವ ತನಕ ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕ:
1. ವಂಶವೃಕ್ಷ, ಕೊನೆಯ ಕೊಂಬೆ ಸಹಿತ.
2. ಗುಣಮುಖ ಪತ್ರ; ಅದೇ ದಿನದ ಜ್ವರದ ಚೀಟಿ.
3. ಹತ್ತಿ ಸುತ್ತಿದ ಕಡ್ಡಿ ಒಂದು, ಮುಚ್ಚಿದ ಕೊಳವೆಯಲ್ಲಿ, ತಮ್ಮ ಉಪಯೋಗಕ್ಕೆ.

ವಿ.ಸೂ.: ಅತ್ತೆಯವರು ಮಂಚದ ಸರಳು ಹಿಡಿದು ಕೂತಿದ್ದಾರೆ, ವಾರ್ಡಿನವರು ಎಳೆದು ನೋಡಿ ಸೋತಿದ್ದಾರೆ. ನಾಳೆ ಅವರನ್ನು ಕಳುಹಿಸಲೇಬೇಕೆಂದಿದ್ದರೆ ಮಂಚದ ಸಮೇತ ತಮ್ಮ ಮನೆಗೆ ಕಳುಹಿಸಬೇಕಾಗಿ ಕೋರಿಕೆ. ತಮ್ಮ ಸಹಿಯ ಪ್ರಕಾರ ಅವರು ಪೂರ್ತಿ ಗುಣಮುಖರಾಗಿರುವುದರಿಂದ ತಮ್ಮ ಮನೆಯವರ ಅಭ್ಯಂತರ ಇರಲಾರದು. ತಮಗೂ ಮೊಮ್ಮಗು ಹುಟ್ಟಿದೆಯೆಂದು ಕೇಳಿ ಸಂತೋಷವಾಯಿತು. ಕೂಸುಗಳನ್ನು ಮಡಿಲಲ್ಲಿ ಹಾಕಿಕೊಂಡು ಮಲಗಿಸುವುದು ಅತ್ತೆಯವರಿಗೆ ಚೆನ್ನಾಗಿ ಬರುತ್ತದೆ.