ಪಳಗಿದ ಪಿಸ್ತೂಲು

ಮೂರನೇ ಗುಂಡಿಗೇ ವೆಂಡೆಲ್‌ನ ಹೊಸ ಪಿಸ್ತೂಲು ಜಾಮ್ ಆಗಿ ಕೂತಿತು. ಅದನ್ನು ಕೊಂಡು ಇನ್ನೂ ಒಂದು ದಿನ ಆಗಿರಲಿಲ್ಲ. ಹಿಂದಿನ ಸಂಜೆ ಪಕ್ಕದ ಮನೆಯ ಆರ್ವಿಲ್ ಜೊತೆ ಹೋಗಿ, ಇಬ್ಬರೂ ಒಂದೇ ತರಹದ್ದು ಕೊಂಡು, ಆರ್ವಿಲ್‌ನ ಗಾಡಿಯಲ್ಲೇ ತಂದಿದ್ದರು.

ಅವತ್ತು ನಾಲ್ಕು ಗಂಟೆಗೆ ಚರ್ಚಿನ ಕಾವಲು ಪಡೆಯ ಪರೀಕ್ಷೆ. ಇದ್ದದ್ದು ಒಂದೇ ಜಾಗ, ಆಸೆಪಟ್ಟವರು ಇವರಿಬ್ಬರೇ. ಐವತ್ತರಲ್ಲಿ ನಲವತ್ತು ಗುಂಡು ಗುರಿಗೆ ತಗುಲಿದರೆ ಭಾನುವಾರ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲಬಹುದು. ಇಲ್ಲದಿದ್ದರೆ ವೆಂಡೆಲ್‌ಗೆ ಆರು ವರ್ಷದ ಹಳೇ ಕೆಲಸವೇ ಗತಿ: ಪ್ರಾರ್ಥನೆ ಮುಗಿಯುವವರೆಗೆ ಒಳಕೋಣೆಯಲ್ಲಿ ಕೂತು ಊರವರ ಮಕ್ಕಳ ಮೂಗು ಒರೆಸುವುದು. ಫ್ರಿಜ್ ರಿಪೇರಿ ಮಾಡುವ ಆ ನಲವತ್ತೈದರ ಗಂಡಸಿಗೆ ಅದು ಸಾಕುಬೇಕಾಗಿತ್ತು.

ಅಮೆರಿಕದ ಓಕ್ಲಹೋಮದ ಆ ಊರಲ್ಲಿ ಪಿಸ್ತೂಲಿನ ಪಂಡಿತರಿಗೇನು ಬರ? ಶೂಟಿಂಗ್ ರೇಂಜಿನಲ್ಲಿದ್ದವರೆಲ್ಲ ಸುತ್ತ ನೆರೆದರು. ಒಬ್ಬ ಇನ್ನೂರು ಗುಂಡು ಹಾರಿಸಿ ಪಳಗಿಸು ಅಂದ. ಇನ್ನೊಬ್ಬ ಪಳಗಿಸೋ ಪಿಸ್ತೂಲು ಪಿಸ್ತೂಲೇ ಅಲ್ಲ, ಅಂಗಡಿಯವನ ಮುಖಕ್ಕೆ ಎಸೆದು ಬಾ ಅಂದ. ತಿಳಿವಳಿಕೆ ಎಷ್ಟು ಕಮ್ಮಿಯೋ ಗಂಟಲು ಅಷ್ಟು ದೊಡ್ಡದು. ಎಲ್ಲರಿಗಿಂತ ದೊಡ್ಡ ಗಂಟಲು ಆರ್ವಿಲ್‌ದು.

"ಐನೂರು ಹೊಡಿ. ಹೊಸ ಬೂಟು ಕಾಲು ಕಚ್ಚಲ್ವಾ? ಹಂಗೇ ಇದು."

"ಮತ್ತೆ ನಿಂದು ಪಳಗಿಸಲ್ವಾ?"

"ನಂಗೆ ಸೊಂಟನೋವು ಕಣೋ. ನಂದು ಪೆಟ್ಟಿಗೇಲೇ ಇರ್ಲಿ, ದೇವರಿದ್ದಾನೆ."

ಪುಣ್ಯಾತ್ಮ ವೆಂಡೆಲ್ ನಂಬಿದ. ಮೊದಲ ನೂರರಲ್ಲಿ ಹನ್ನೊಂದು ಸಲ ಜಾಮ್. ಮುನ್ನೂರಕ್ಕೆ ಹೆಬ್ಬೆರಳಿನ ಚರ್ಮ ಸುಲಿಯಿತು. ನಾನೂರಕ್ಕೆ ಭುಜ ಬಿದ್ದುಹೋಯಿತು, ಊಟಕ್ಕೆ ತಂದಿದ್ದ ಬರ್ಗರನ್ನು ಬಾಯಿಗೆ ಎತ್ತಲೂ ಆಗಲಿಲ್ಲ. ಆದರೆ ಕೊನೆಯ ನೂರು ಗುಂಡು ಒಮ್ಮೆಯೂ ತಡೆಯದೆ ಹಾರಿದವು. ಪಿಸ್ತೂಲಿಗೆ ಮುತ್ತು ಕೊಟ್ಟ, ಮೂರ್ಖ.

ನಾಲ್ಕು ಗಂಟೆಗೆ ಪರೀಕ್ಷೆ ನಡೆಸುವ ಲವರ್ನ್ ಬಂದಳು. ಜೈಲಿನ ಕಾವಲು ಕೆಲಸದಿಂದ ನಿವೃತ್ತಳಾದ ಹೆಂಗಸು, ನಗು ಅಂದರೇನೆಂದೇ ಗೊತ್ತಿಲ್ಲ. ಅವರವರ ಪಿಸ್ತೂಲಲ್ಲೇ ಹೊಡೀಬೇಕು ಅನ್ನುವುದು ಅವಳ ಕಟ್ಟಪ್ಪಣೆ. ವೆಂಡೆಲ್‌ನ ಕೈಲಿದ್ದ ಪಿಸ್ತೂಲಿನ ನಂಬರನ್ನು ಇಬ್ಬರ ರಸೀದಿಯ ನಂಬರುಗಳ ಪಕ್ಕ ಹಿಡಿದು ನೋಡಿದಳು.

"ಇದು ನಿಂದಲ್ಲ. ಆರ್ವಿಲ್‌ದು."

ಆರ್ವಿಲ್ ತನ್ನ ಪೆಟ್ಟಿಗೆ ತೆರೆದ. ಒಳಗೆ ವೆಂಡೆಲ್‌ನ ಪಿಸ್ತೂಲು, ಕಾರ್ಖಾನೆಯ ಎಣ್ಣೆ ಕೂಡ ಆರಿರಲಿಲ್ಲ. ನಿನ್ನೆ ಗಾಡಿಯಿಂದ ಇಳಿಸುವಾಗ ಕರೀ ಪೆಟ್ಟಿಗೆಗಳು ಅದಲುಬದಲಾಗಿದ್ದವು.

ತಮಾಷೆ ನೋಡಿ, ಒಂದು ಗುಂಡೂ ಕಾಣದ ಆ ಹೊಸ ಪಿಸ್ತೂಲು ಐವತ್ತನ್ನೂ ಒಂದೇ ಒಂದು ಸಲ ತಡೆಯದೆ ಉಗುಳಿತು. ಐನೂರು ಹೊಡೆದು ಸೋತ ವೆಂಡೆಲ್‌ನ ಕೈ ಮಾತ್ರ ಅದನ್ನು ನೆಟ್ಟಗೆ ಹಿಡಿಯಲಿಲ್ಲ. ಗುರಿಗೆ ತಗುಲಿದ್ದು ಒಂಬತ್ತು, ಉಳಿದವು ಹಿಂದಿನ ಮಣ್ಣುಗುಡ್ಡೆಗೆ. ಆರಾಮಾಗಿದ್ದ ಆರ್ವಿಲ್ ನಲವತ್ತೊಂದು ಹೊಡೆದ.

"ನೋಡ್ದಾ? ಪಳಗಿಸಿದ್ರೆ ಬೆಣ್ಣೆ ಥರ ಹೋಗುತ್ತೆ ಅಂದಿರ್ಲಿಲ್ವಾ?" ಅಂದ, ನಾಚಿಕೆಗೆಟ್ಟವನು.

ಮರುದಿನ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಆರ್ವಿಲ್ ಎದೆಯುಬ್ಬಿಸಿ ನಿಂತಿದ್ದ. ಸೊಂಟದಲ್ಲಿ ಪಳಗಿದ ಪಿಸ್ತೂಲು, ಕಂಕುಳಲ್ಲಿ ಮೊಮ್ಮಗ. ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದ ವೆಂಡೆಲ್‌ನ ಕೈಗೆ ಮಗುವನ್ನು ದಾಟಿಸಿದ.

"ಹುಷಾರು ಕಣೋ, ಇವನಿಗೆ ಮೂಗು ಸುರೀತಿದೆ."