ದರ್ಬಾರಿ ವಾಸ್ಕೋಟು

ಪ್ರಭುರಾಜ: ನೀ ಏನರೆ ಅನ್ನು, ಇದು ದರ್ಬಾರಿ ವಾಸ್ಕೋಟನ.

ಹೇಮಾವತಿ: ನಾ ಏನೂ ಅನ್ನಂಗಿಲ್ರಿ. ಮ್ಯಾಲೊಂದು ಕೋಟು ಹಾಕ್ಕೋರಿ ಅಂದೆ, ಅಷ್ಟ. ಬೆನ್ನು ಕಾಣತೈತಿ.

ಪ್ರಭುರಾಜ: ಕಾಣಲಿ ಅಂತನ ಹಾಕ್ಕೊಂಡೀನಿ.

(ಕೊಪ್ಪಳದ ಒಂದು ಮನೆಯ ಪಡಸಾಲೆ. ಬೇಸಿಗೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಪ್ರಭುರಾಜನಿಗೆ ವಂಶದ ಇತಿಹಾಸದ ಹುಚ್ಚು ಹತ್ತಿದೆ. ಇವತ್ತು ಮಗನ ಮದುವೆಯ ಮಾತುಕತೆಗೆ ಗಂಗಾವತಿಯಿಂದ ಹುಡುಗಿಯ ತಂದೆ ಗುರುಬಸವ ಬರುವವರಿದ್ದಾರೆ. ಅವರು ಫೋನಿನಲ್ಲಿ ಮಾತಿಗೆ ಮಾತು ಬಂದು, ತಮ್ಮ ಅಜ್ಜ ನಿಜಾಮರ ದರ್ಬಾರಿನಲ್ಲಿದ್ದರು ಎಂದುಬಿಟ್ಟರು. ಆ ಗಳಿಗೆಯಲ್ಲೇ ಪ್ರಭುರಾಜನ ಅಜ್ಜನಿಗೂ ಅದೇ ದರ್ಬಾರಿನಲ್ಲಿ ನೌಕರಿ ಸಿಕ್ಕಿತು. ಸಾಕ್ಷಿ ಮಾತ್ರ ಬಾಕಿ ಇತ್ತು. ಟ್ರಂಕಿನ ತಳ ಕೆದರಿದಾಗ ಅಜ್ಜನ ವಾಸ್ಕೋಟು ಸಿಕ್ಕಿತು. ಮುಂದೆ ಕರಿ ಬಟ್ಟೆ, ಹಿಂದೆ ಕೆಂಪು ಖಣ.)

ಪ್ರಭುರಾಜ: ಸಾದಾ ಮಂದಿ ವಾಸ್ಕೋಟಿಗೆ ಹಿಂದ ಅಸ್ತರಿನ ಬಟ್ಟಿ ಇರತೈತಿ. ಇದಕ್ಕ ಖಣ ಐತಿ. ನಮ್ಮಜ್ಜ ಸಲಾಮು ಹೊಡದು ಹೊಳ್ಳಿ ಹೊಂಟಾಗ ನವಾಬರ ಕಣ್ಣಿಗೆ ಚಂದ ಕಾಣಬೇಕಲ್ಲ.

ಹೇಮಾವತಿ: ನವಾಬರಿಗೆ ಬೆನ್ನು ತೋರಸ್ತಿದ್ದಿಲ್ಲ, ಹಿಂದಹಿಂದಕ್ಕ ನಡಕೋಂತ ಬರತಿದ್ರು ಅಂತ ನಿನ್ನಿ ನೀವ ಹೇಳಿದ್ರಿ.

ಪ್ರಭುರಾಜ: ಅದು ಬ್ಯಾರೆ ನವಾಬರು.

ಹೇಮಾವತಿ: ಮತ್ತ ಕೆಳಗ ಗುಂಡಿ ಇಲ್ಲದ ಎರಡು ಬಾಲ ಯಾಕ ಅದಾವು?

ಪ್ರಭುರಾಜ: ಗಂಟು ಹಾಕಾಕ. ಬಗ್ಗಿ ಸಲಾಮು ಹೊಡ್ಯಾಗ ಗುಂಡಿ ಕಿತ್ತು ಸಿಡೀಬಾರದಲ್ಲ.

ಹೇಮಾವತಿ: ಬಗಲಾಗ ಹಚ್ಚಿದ ಈ ಚೌಕ ತುಂಡು?

ಪ್ರಭುರಾಜ: ಕತ್ತಿ ಎತ್ತಿದ್ರ ಹರೀಬಾರದು ಅಂತ.

ಹೇಮಾವತಿ: ತೋಳ ಇಲ್ಲದ ಅಂಗಿ, ಏನು ಹರೀತಿತ್ತರಿ? ಅದು ಕುಬುಸದ ಬಗಲ ತುಂಡು. ಆ ಬಾಲ ಕುಬುಸದ ಗಂಟು. ಅತ್ತಿಯಾರು ನನಗ ಎಲ್ಲಾ ಹೇಳ್ಯಾರ. ತಾವರಗೇರಾ ಸಂತ್ಯಾಗ ಅಕ್ಬರಸಾಬರು ಕುಬುಸ ಅಷ್ಟ ಹೊಲೀತಿದ್ರಂತ. ನಿಮ್ಮಜ್ಜ ಹಠಾ ಮಾಡಿ ಅವರ ಕಡೇನ ವಾಸ್ಕೋಟು ಹೊಲಿಸ್ಕೊಂಡ್ರು. ಬಟ್ಟಿ ಸಾಲಲಿಲ್ಲ, ನಿಮ್ಮಜ್ಜಿ ಕುಬುಸದಾಗ ಉಳಿದ ಖಣ ಹಿಂದ ಕುಂತಿತು. ಅದಕ್ಕ ಅವರು ಸಾಯೂತನಕ ಮ್ಯಾಲಿನ ಕೋಟು ಬಿಚ್ಚಲಿಲ್ಲ.

(ಪ್ರಭುರಾಜ ಸೋಲಲಿಲ್ಲ. ಒಳಗಡೆ ಎದೆಯ ಹತ್ತಿರ ಇದ್ದ ಸಣ್ಣ ಕಿಸೆಯನ್ನು ತೋರಿಸಿದ. ಗುಟ್ಟಿನ ಪತ್ರ ಇಡುವ ಜಾಗವಂತೆ. ಅತ್ತರಿನ ವಾಸನೆ ಇನ್ನೂ ಇದೆ ಎಂದು ಮೂಗು ತುರುಕಿ ಜೋರಾಗಿ ಉಸಿರೆಳೆದ. ಸೀನಿದ ಸದ್ದಿಗೆ ಅಂಗಳದ ಬೆಕ್ಕು ಓಡಿತು.)

ಹೇಮಾವತಿ: ಅಜ್ಜಾರು ಆ ಕಿಸೇದಾಗ ಇಟ್ಟು ಮೂಗಿಗೆ ಏರಸ್ತಿದ್ದ ತಪಕೀರು ಇನ್ನೂ ಖಾರ ಐತಿ. ಮಾತುಕತಿ ದಿನಾನ ಒಂಟಿ ಸೀನು ಸೀನಿದ್ರಲ್ರಿ.

(ಅವಳ ದನಿ ಇಳಿಯಿತು.)

ಹೇಮಾವತಿ: ನೋಡ್ರಿ, ಹುಡುಗಿ ಶ್ವೇತಾ ನನ್ನ ಮನಸಿಗೆ ಭಾಳ ಬಂದಾಳ. ಹುಡುಗನೂ ಒಪ್ಯಾನ. ಹಿಂತಾ ಹುಡುಗಿ ಮತ್ತ ಸಿಗಂಗಿಲ್ಲ. ನಿಮ್ಮ ಸುಳ್ಳು ಹೊರಗ ಬಿದ್ದು ಸಂಬಂಧ ತಪ್ಪಿದ್ರ, ನನ್ನ ಹೊಟ್ಟಿ ಉರೀತೈತಿ.

(ಬಾಗಿಲ ಮುಂದೆ ಕಾರು ನಿಂತಿತು. ಪ್ರಭುರಾಜನ ಧೈರ್ಯ ಇಳಿಯಿತು. ಅವನು ಗೂಟದ ಮೇಲಿದ್ದ ಕೋಟನ್ನು ಎಳೆದು ಹಾಕಿಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂತ. ಗುರುಬಸವ ಹೆಂಡತಿ ಲಲಿತಾಳೊಂದಿಗೆ ಒಳಗೆ ಬಂದರು. ಅವರ ಮೈಮೇಲೂ ದಪ್ಪನೆಯ ಕೋಟು. ಅವರೂ ಎದುರಿನ ಗೋಡೆಗೆ ಬೆನ್ನು ಹಚ್ಚಿದರು. ಮಳೆ, ಕಾಲುವೆ ನೀರು, ಬತ್ತದ ಧಾರಣೆ ಎಲ್ಲ ಮಾತಾಡಿದರು. ಅಜ್ಜಂದಿರ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಫ್ಯಾನು ನಿಂತಿತು.)

ಪ್ರಭುರಾಜ: ಬೀಗರ, ಕೋಟು ಬಿಚ್ರಿ. ಸೆಕಿ ಭಾಳ ಐತಿ.

ಗುರುಬಸವ: ನೀವು ಬಿಚ್ರಿ ಮೊದಲ. ನಮಗೇನು ಸೆಕಿ ಹತ್ತಂಗಿಲ್ಲ.

(ಹೇಳುವಾಗಲೇ ಅವರ ಗಲ್ಲದಿಂದ ಬೆವರು ತಟ್ಟೆಯಲ್ಲಿದ್ದ ಮಂಡಕ್ಕಿಗೆ ಬಿತ್ತು.)

ಲಲಿತಾ: ಬಿಚ್ಚರಿ ಅತ್ತಾಗ. ಎಚ್ಚರ ತಪ್ಪಿ ಬಿದ್ರ ಎತ್ತಾಕ ನನಗ ಆಗಂಗಿಲ್ಲ.

(ಅವಳು ತಾನೇ ಕೋಟು ಎಳೆದಳು. ಗುರುಬಸವರ ಬೆನ್ನು ಕಂಡಿತು. ಕೆಂಪು ಖಣ. ಮುಂದೆ ಎರಡು ಬಾಲ ಜೋತುಬಿದ್ದಿದ್ದವು. ಪ್ರಭುರಾಜ ನಿಧಾನವಾಗಿ ಎದ್ದು ತನ್ನ ಕೋಟನ್ನೂ ಬಿಚ್ಚಿ ತಿರುಗಿ ನಿಂತ.)

ಗುರುಬಸವ: ನಿಮ್ಮದಕ್ಕ ಬಗಲಾಗ ತುಂಡು ಐತೇನ್ರಿ?

ಪ್ರಭುರಾಜ: ಐತ್ರಿ. ಕತ್ತಿ ಎತ್ತಾಕ.

ಗುರುಬಸವ: ನಮ್ಮದೂ ಕತ್ತಿ ಎತ್ತಾಕನರಿ.

ಪ್ರಭುರಾಜ: ಹಂಗಾದ್ರ ನಮ್ಮಜ್ಜಾರು ಒಂದ ದರ್ಬಾರದಾಗ ಇದ್ರು.

ಗುರುಬಸವ: ಒಂದ ಸಾಲಿನ್ಯಾಗ ಕುಂದರತಿದ್ರೋ ಏನೋ!

(ಬೀಗರಿಬ್ಬರೂ ಅಪ್ಪಿಕೊಂಡರು. ಆಮೇಲೆ ಗುಟ್ಟಿನ ಪತ್ರದ ಕಿಸೆಯನ್ನು ಒಬ್ಬರಿಗೊಬ್ಬರು ತೋರಿಸತೊಡಗಿದರು. ಹೇಮಾವತಿ ಚಹಾಕ್ಕೆಂದು ಎದ್ದಳು. ಹಿಂದೆಯೇ ಲಲಿತಾ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.)

ಲಲಿತಾ: ಅಕ್ಕಾರ, ನಮ್ಮ ಹಿರ್ಯಾರು ಮೊದಲು ಕುಷ್ಟಗಿ ಕಡೆಯವರು. ನಿಮ್ಮ ವಾಸ್ಕೋಟೂ ತಾವರಗೇರಾ ಸಂತೀದಲ್ಲೇನ್ರಿ?

ಹೇಮಾವತಿ: ಹೌದ್ರಿ. ಅಕ್ಬರಸಾಬರ ಕೈದು.

(ಪಡಸಾಲೆಯಿಂದ ಎರಡು ಸೀನು ಒಟ್ಟಿಗೆ ಕೇಳಿಸಿದವು.)

ಲಲಿತಾ: ಜೋಡಿ ಸೀನು. ಶುಭ ಆತು ಬಿಡ್ರಿ. ಇನ್ನ ಕುಂಡಲಿ ಯಾವಾಗ ಕೂಡಸೂಣು?

ಹೇಮಾವತಿ: ಕುಂಡಲಿ ಯಾಕ್ರಿ? ಎರಡೂ ಮನಿ ಸುಳ್ಳ ಕೂಡಿ ಬಂದಾವು.